ಸೆಕೆಂಡಿಗೆ ಎಪ್ಪತ್ತೆರಡು ಹೂಂ

ಮೂಲೆಯ ಹಸಿರು ಅಂಕಿ ಎಪ್ಪತ್ತೆರಡರಲ್ಲೇ ನಿಂತಿತ್ತು, ಆದರೂ ಆಟದೊಳಗಿನ ಕೋಲು ಹಾರಿತು. ಸ್ಪಂದನಾ ಕಣ್ಣಿಗೆ ಕಟ್ಟಿಕೊಂಡಿದ್ದ ವಿಆರ್ ಹೆಡ್‌ಸೆಟ್ಟನ್ನು ಹಣೆಯ ಮೇಲಕ್ಕೆ ತಳ್ಳಿ, ಕಣ್ಣಿನ ಸುತ್ತ ಕೂತ ಬೆವರನ್ನು ತೋಳಿನಿಂದ ಒರೆಸಿಕೊಂಡಳು. ಕಣಿವೆ, ಹಗ್ಗದ ಸೇತುವೆ, ಸೋರೆಬುರುಡೆಯಂಥ ಹಕ್ಕಿಗಳು ಎಲ್ಲ ಒಮ್ಮೆಗೇ ಹೋಗಿ ನಡುಮನೆ ಬಂತು: ಗಾರೆ ನೆಲ, ಗೋಡೆಗೆ ಒರಗಿಸಿದ ಮಡಿಸುವ ಮಂಚ, ಪಕ್ಕದ ತಗಡು ಬಿಚ್ಚಿಟ್ಟ ಕಂಪ್ಯೂಟರು, ಅದರ ಬಿಸಿ ಕರುಳಿಗೆ ಗಾಳಿ ಹಾಕುತ್ತ ಒಂದೇ ಕಡೆ ಮುಖ ಮಾಡಿ ನಿಂತ ಟೇಬಲ್ ಫ್ಯಾನು. ಶನಿವಾರ, ಹತ್ತೂವರೆ. ನಾಲ್ಕು ಗಂಟೆಗೆ ವೃಷಭೇಂದ್ರಪ್ಪ ಮೇಷ್ಟ್ರು ಬರುತ್ತಾರೆ. ಅವರು ಹತ್ತು ನಿಮಿಷ ಇದನ್ನು ಕಣ್ಣಿಗೆ ಕಟ್ಟಿಕೊಂಡು ನಿಂತರೆ ಈ ಯಂತ್ರ ಅವಳ ಕೈಯಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ಸೋಮವಾರಕ್ಕೆ ತುಮಕೂರಿನ ಯಾರದೋ ಪಾಲು. ಸೋಲುತ್ತೇನೆಂಬ ಭಯ ಅವಳಿಗಿರಲಿಲ್ಲ. ಇದ್ದದ್ದು ಬೇರೆ ಥರದ ಕಿರಿಕಿರಿ, ಕಾಲಿಗೆ ಹೊಕ್ಕ ಮುಳ್ಳು ಎಲ್ಲಿದೆಯೆಂದು ಕಾಣದೆ ಬೆರಳಲ್ಲಿ ತಡಕುವವರ ಕಿರಿಕಿರಿ. ಲೆಕ್ಕವೆಲ್ಲ ಸರಿಯಿತ್ತು. ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಒಂದು ಸೆಕೆಂಡಿಗೆ ಎಪ್ಪತ್ತೆರಡು ಚಿತ್ರ ಬರೆದು ಕೊಡುತ್ತಿತ್ತು, ಒಂದೂ ತಪ್ಪದೆ. ಆದರೂ ಕೆಲವು ಸಲ ಕೈಯಲ್ಲಿದ್ದ ಕೋಲು ಯಾರೋ ಕಿತ್ತುಕೊಂಡಂತೆ ಪಕ್ಕಕ್ಕೆ ಎಳೆದುಕೊಂಡು ಹೋಗಿ, ಅರೆಗಳಿಗೆಯಲ್ಲಿ ಮತ್ತೆ ಕೈಗೆ ಬರುತ್ತಿತ್ತು. ಅದರ ಜೊತೆಗೆ ಕಾಲ ಕೆಳಗಿನ ಸೇತುವೆಯೂ ಒಂದು ಗೇಣು ಜರುಗುತ್ತಿತ್ತು. ಆ ಅರೆಗಳಿಗೆ ಸಾಕು. ಹೊಟ್ಟೆ ತೊಳಸುವುದು ಅಲ್ಲೇ ಶುರುವಾಗುತ್ತದೆ.

ನವೀನ್ ಕುಮಾರನ ಗೇಮಿಂಗ್ ಸೆಂಟರು ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದುಗಡೆ. ಬೆಳಿಗ್ಗೆ ಅಲ್ಲಿ ಪಹಣಿ, ಜಾತಿ ಸರ್ಟಿಫಿಕೇಟು, ಸ್ಕಾಲರ್‌ಶಿಪ್ ಅರ್ಜಿ. ಸಂಜೆಗೆ ಕಾಲೇಜು ಹುಡುಗರ ಗುಂಡಿನ ಸದ್ದು. ಡಿಗ್ರಿ ಮುಗಿಸಿದ ಮೇಲೆ ಸ್ಪಂದನಾ ಅಲ್ಲಿ ಅರ್ಜಿ ತುಂಬಿಸುವ ಕೆಲಸಕ್ಕೆ ಸೇರಿ ಎರಡು ವರ್ಷ. ಈ ಹೆಡ್‌ಸೆಟ್ಟು ನವೀನನಿಗೆ ಯಾರೋ ನೆಂಟರಿಂದ ಬಂದದ್ದು. ಕಂಪ್ಯೂಟರು ಶಿರಾದಲ್ಲಿ ಮದುವೆ ಆಲ್ಬಮ್ ಮಾಡುತ್ತಿದ್ದವರೊಬ್ಬರ ಹಳೆಯದು, ಅದರೊಳಗೆ ನಾಲ್ಕು ಜಿಬಿಯ ಗ್ರಾಫಿಕ್ಸ್ ಕಾರ್ಡು. ಇಂಥ ಆಟಕ್ಕೆ ಅದು ಸಾಲದು ಎಂದು ಇಂಟರ್ನೆಟ್ಟಿನಲ್ಲಿ ತಿಳಿದವರೆಲ್ಲ ಬರೆದಿದ್ದರು. ಹುಡುಗರಿಗೆ ಮಾತ್ರ ಏನೂ ಆಗಲಿಲ್ಲ, ಬಿದ್ದರು, ಎದ್ದರು, ನಕ್ಕರು. ಮೂರನೆಯ ದಿನ ವೃಷಭೇಂದ್ರಪ್ಪ ಮೇಷ್ಟ್ರು ಪೆನ್ಷನ್ ಕಾಗದವೊಂದನ್ನು ಸ್ಕ್ಯಾನ್ ಮಾಡಿಸಲು ಬಂದವರು ಮೂಲೆಯಲ್ಲಿ ನಿಂತುಬಿಟ್ಟಿದ್ದರು. ಹೈಸ್ಕೂಲಿನಲ್ಲಿ ಅವಳಿಗೆ ಮೂರು ವರ್ಷ ಲೆಕ್ಕ ಹೇಳಿಕೊಟ್ಟವರು. ಹೊಸದೇನು ಕಂಡರೂ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡದೆ ಮುಂದೆ ಹೋಗುವವರಲ್ಲ. “ಏನಮ್ಮ ಸ್ಪಂದನಾ, ಇದು ಕಣ್ಕಟ್ಟು ವಿದ್ಯೆನಾ?” ಎಂದಿದ್ದರು. “ಹೌದು ಸರ್, ನಿಜವಾಗ್ಲೂ ಕಣ್ಣು ಕಟ್ಟೋದೇ,” ಎಂದು ಅವಳು ನಗುತ್ತ ಕಟ್ಟಿದ್ದಳು. ಪರದೆಯ ಮೇಲೆ ಅಂಕಿ ನಲವತ್ತಕ್ಕೆ ಇಳಿದು ಏದುಸಿರು ಬಿಡುತ್ತಿದ್ದುದನ್ನು ಅವಳು ಕಂಡಿದ್ದಳು. ಕಂಡೂ ಸುಮ್ಮನಿದ್ದಳು. ಹುಡುಗರಿಗೇ ಏನೂ ಆಗಲಿಲ್ಲವಲ್ಲ.

ಮೂರು ನಿಮಿಷವೂ ಆಗಿರಲಿಲ್ಲ. ಮೇಷ್ಟ್ರು ಕೈ ಚಾಚಿ ಏನನ್ನೋ ಹಿಡಿಯಲು ಹೋದರು. ಅಲ್ಲಿ ಏನೂ ಇರಲಿಲ್ಲ. ಬೆಳಿಗ್ಗೆ ತಿಂದ ಚಿತ್ರಾನ್ನವೆಲ್ಲ ಅವರ ಬಿಳಿ ಅಂಗಿಯ ಮೇಲೆ, ಕೀಬೋರ್ಡಿನ ಮೇಲೆ, ಪೆನ್ಷನ್ ಕಾಗದದ ಮೇಲೆ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಯಾರೋ ಫೋನು ಎತ್ತಿ ಹಿಡಿದರು. ಮೇಷ್ಟ್ರು ಯಾರ ಮುಖವನ್ನೂ ನೋಡದೆ ಹೊರಗಿನ ನಲ್ಲಿಗೆ ಹೋಗಿ ಅಂಗಿಯ ಎದೆಯನ್ನು ತೊಳೆದುಕೊಂಡರು, ಪಕ್ಕದ ಟೀ ಅಂಗಡಿಯಿಂದ ಬಕೆಟ್ಟು, ಬಟ್ಟೆ ಇಸಿದುಕೊಂಡು ಬಂದು ನೆಲಕ್ಕೆ ಕೂತರು. ಅವಳು ಬಕೆಟ್ಟಿಗೆ ಕೈ ಹಾಕಿದರೆ ಬಿಡಲಿಲ್ಲ. ಅರವತ್ತಾರು ವರ್ಷದ ಮನುಷ್ಯ ಮಂಡಿಯೂರಿ, ತಾನು ಪಾಠ ಹೇಳಿದ ಮಕ್ಕಳ ಮಕ್ಕಳು ನೋಡುತ್ತಿರುವಾಗ, ಮೇಜಿನ ಕಾಲಿನ ಸಂದಿಯನ್ನೂ ಬಿಡದೆ ಒರೆಸಿದರು. ಹೋಗುವಾಗ, “ಸಾರಿ ಕಣಮ್ಮ,” ಎಂದರು. ಅದೇ. ಬೈದಿದ್ದರೆ ಎರಡು ದಿನಕ್ಕೆ ಮರೆಯುತ್ತಿತ್ತು. ಅವರು ಸಾರಿ ಕೇಳಿಬಿಟ್ಟರು, ಅವಳು ಅದನ್ನು ಇಸಿದುಕೊಂಡುಬಿಟ್ಟಳು. ಆಮೇಲೆ ಹಾಲಿನ ಡೈರಿಯ ಹತ್ತಿರ ಎದುರಾದಾಗ ಮೇಷ್ಟ್ರು ರಸ್ತೆ ದಾಟಿ ಆ ಕಡೆಗೆ ಹೋದರು, ಆ ಕಡೆ ಅವರಿಗೆ ಏನೂ ಕೆಲಸವಿರಲಿಲ್ಲ.

“ಇದನ್ನ ಮಾರ್ಬುಡ್ತೀನಿ ಕಣೆ,” ಎಂದಿದ್ದ ನವೀನ. “ತುಮಕೂರು ಪಾರ್ಟಿ ಒಂದು ಕೇಳ್ತಾ ಐತೆ. ಕಾರ್ಡು ಹೊಸದು ಹಾಕಿದ್ರೆ ಮಾತ್ರ ಓಡ್ತದೆ, ಹೊಸ ಕಾರ್ಡಿನ ದುಡ್ಡಿಗೆ ಒಂದು ಎಮ್ಮೆ ಬರ್ತದೆ.”

“ಇದೇ ಕಾರ್ಡಲ್ಲಿ ಓಡಿಸ್ತೀನಿ. ಒಂದು ವಾರ ಮನೆಗೆ ಕೊಡು.”

“ಓಡ್ಸಿ ಏನ್ ಮಾಡ್ತೀಯ?”

“ಅಂಗಡೀಲಿ ಈ ಆಟದ ಮೂಲೆ ನಂಗೆ ಬಿಟ್ಕೊಡು. ಅರ್ಜಿ ಬರೆಯೋಕೆ ಬೇರೆ ಯಾರನ್ನಾದ್ರೂ ನೋಡ್ಕೊ.”

ಅವನು ಜೋರಾಗಿ ನಕ್ಕಿದ್ದ. “ನಾನು ಹಾಕ್ಕೊಂಡು ನೋಡಿದ್ರೆ ಪ್ರಯೋಜನ ಇಲ್ಲ, ನಂದು ಕಬ್ಬಿಣದ ಹೊಟ್ಟೆ. ನಿಮ್ಮ ಲೆಕ್ಕದ ಮೇಷ್ಟ್ರು ಹತ್ತು ನಿಮಿಷ ಹಾಕ್ಕೊಂಡು ನಿಂತ್ಕೊಳ್ಳಲಿ. ಆಗ ಮೂಲೆ ನಿಂದು.” ಆಗದ ಮಾತಿಗೆ ಹಾಕುವ ಷರತ್ತು ಅದು, ಕೋಳಿಗೆ ಹಲ್ಲು ಬಂದಾಗ ಕೊಡುತ್ತೇನೆ ಎಂದ ಹಾಗೆ. ಅವಳು ಕ್ಷಣವೂ ಯೋಚಿಸದೆ ಆಗಲಿ ಎಂದಿದ್ದಳು.

ಒಂದು ವಾರದಲ್ಲಿ ಅವಳು ಆ ಡಬ್ಬಿಯನ್ನು ಸುಲಿದಿದ್ದಳು ಎನ್ನಬೇಕು. ಮೊದಲು ಧೂಳು. ಅಮ್ಮನ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಕಾರ್ಡಿನ ರೆಕ್ಕೆಗಳ ಸಂದಿಯಿಂದ ಶಿರಾದ ಹತ್ತು ವರ್ಷದ ಧೂಳನ್ನು ಕೆರೆದು ತೆಗೆದಳು, ಒಣಗಿ ಸುಣ್ಣವಾಗಿದ್ದ, ಕಾರ್ಡಿನ ಬಿಸಿ ಹೀರುವ ಪೇಸ್ಟನ್ನು ಒರೆಸಿ ಹೊಸದು ಹಚ್ಚಿದಳು. ಕಂಪ್ಯೂಟರು ಶುರುವಾದಾಗಲೆಲ್ಲ ತಾನಾಗಿ ಎದ್ದು ಹಿಂದೆ ಕೂತು ಉಸಿರು ಕುಡಿಯುತ್ತಿದ್ದ ಆಲ್ಬಮ್ಮಿನ ಸಾಫ್ಟ್‌ವೇರನ್ನು ಕಿತ್ತುಹಾಕಿದಳು. ಅದರ ಹೊಟ್ಟೆಯೊಳಗೆ ಯಾರ್ಯಾರದೋ ಮದುವೆಗಳಿದ್ದವು: ಬರಗೂರಿನ ಕಡೆಯ ಒಂದು ಜೋಡಿ ಹೃದಯದ ಆಕಾರದ ಮೋಡದ ಮೇಲೆ ಕೂತಿತ್ತು, ಬುಕ್ಕಾಪಟ್ಟಣದ ಒಬ್ಬ ಮದುಮಗನ ಹಿಂದೆ ಹಿಮದ ಬೆಟ್ಟ. ಅಳಿಸಲು ಮನಸ್ಸು ಬಾರದೆ ಎಲ್ಲವನ್ನೂ ಪೆನ್ ಡ್ರೈವಿಗೆ ಹಾಕಿಟ್ಟಳು. ಆಮೇಲೆ ಆಟದೊಳಕ್ಕೆ ಹೋದಳು. ತೊಂಬತ್ತು ಚಿತ್ರ ಕೇಳುತ್ತಿದ್ದುದನ್ನು ಎಪ್ಪತ್ತೆರಡಕ್ಕೆ ಇಳಿಸಿದಳು. ಕಣ್ಣೊಂದಕ್ಕೆ ಕಳಿಸುವ ಚಿತ್ರದ ಅಗಲವನ್ನು ಮುಕ್ಕಾಲು ಮಾಡಿದಳು. ನೀರಿನ ಹೊಳಪು ತೆಗೆದಳು, ಹುಲ್ಲು ತೆಗೆದಳು, ನೆರಳು ತೆಗೆದಳು, ದೂರದ ಗುಡ್ಡಕ್ಕೆ ಮಂಜು ಹೊದಿಸಿದಳು. ಏನನ್ನು ತೆಗೆಯಬೇಕು, ಏನನ್ನು ಬಿಡಬೇಕು ಎಂದು ಅವಳಿಗೆ ಒಮ್ಮೆಯೂ ಗೊಂದಲವಾಗಲಿಲ್ಲ. ಅದನ್ನು ಅವಳು ಕಲಿತದ್ದು ಬೇರೆ ಕಡೆ. ಅಪ್ಪನ ತಾಯಿ ಕದರಮ್ಮಜ್ಜಿ ಕತೆ ಹೇಳುವಾಗ ಕಾಡೆಂದರೆ ಬರೀ ಕಾಡು, “ಕಾರಗತ್ತಲ ಕಾಡು” ಅಂದುಬಿಟ್ಟರೆ ಮುಗಿಯಿತು, ಅಲ್ಲಿ ಯಾವ ಮರ, ಎಷ್ಟು ಮರ ಕೇಳುವ ಹಾಗಿಲ್ಲ. ಏಳು ಸಮುದ್ರಗಳನ್ನು ಒಂದೇ ಉಸಿರಿಗೆ ದಾಟಿಬಿಡುವಳು. ಆದರೆ ಗಿಣಿ ಬಂದರೆ ನಿಂತಳು. ಗಿಣಿಯ ಕತ್ತಿನ ಕೆಂಪು ಗೆರೆ, ಅದರ ನಾಲಿಗೆ ಕರ್ರಗಿರುವುದು, ಹಣ್ಣು ತಿನ್ನುವಾಗ ಒಂದು ಕಾಲಲ್ಲಿ ನಿಲ್ಲುವುದು, ಎಲ್ಲ ಬೇಕು. ಪಾವಗಡದ ಕಡೆಯಿಂದ ಮೂವತ್ತೈದು ಕಿಲೋಮೀಟರ್ ಇತ್ತ ಮದುವೆಯಾಗಿ ಬಂದ, ಒಂದಕ್ಷರ ಓದದ ಆ ಹೆಂಗಸಿನ ತಲೆಯಲ್ಲೂ ನಾಲ್ಕೇ ಜಿಬಿ ಇದ್ದದ್ದು, ಅದನ್ನು ಅವಳು ಗಿಣಿಗೆ ಖರ್ಚು ಮಾಡುತ್ತಿದ್ದಳು. ಸ್ಪಂದನಾ ಎಂಬ ಹೆಸರು ಅಜ್ಜಿಯ ಬಾಯಲ್ಲಿ ತಿರುಗಿ ತಿರುಗಿ ‘ಪಂದಿ’ ಆಗಿ ಮನೆಯವರೆಲ್ಲ ನಕ್ಕಿದ್ದರಂತೆ, ಅವಳ ತೆಲುಗಿನಲ್ಲಿ ಪಂದಿ ಎಂದರೆ ಹಂದಿ. ಆಮೇಲೆ ಅಜ್ಜಿ ಹೆಸರು ಹಿಡಿದು ಕರೆಯಲೇ ಇಲ್ಲ, ‘ಅಮ್ಮಣ್ಣಿ’ ಎಂದೇ ಕರೆದಳು.

ಅಮ್ಮಣ್ಣಿಯ ಕೆಲಸ ಹೂಂಗುಟ್ಟುವುದು. “ಊ ಕೊಟ್ಟವೇ,” ಹೂಂ ಅನ್ನೇ, ಎಂದು ಅಜ್ಜಿ ತನ್ನ ತೆಲುಗಿನಲ್ಲಿ ಮೊದಲೇ ಹೇಳಿಬಿಡುವಳು. ಹೂಂ ಬಂದರೆ ಕತೆ ಒಂದು ಹೆಜ್ಜೆ ಮುಂದೆ, ಇಲ್ಲದಿದ್ದರೆ ರಾಜಕುಮಾರ ಒಂದು ಕಾಲು ಎತ್ತಿಕೊಂಡು ಹಾಗೇ ನಿಂತಿರುತ್ತಾನೆ. ಹೂಂ ಬೇಗ ಬಂದರೂ ತಪ್ಪು, ತಡವಾಗಿ ಬಂದರೂ ತಪ್ಪು. ಈ ಹೆಡ್‌ಸೆಟ್ಟಿನ ಮರ್ಮವೂ ಇಷ್ಟೇ ಎಂದು ಅವಳಿಗೆ ಎರಡನೆಯ ದಿನವೇ ಹೊಳೆದಿತ್ತು. ತಲೆ ತಿರುಗಿಸಿದೆ ಎಂದು ನೀನು ಹೇಳುತ್ತೀಯ, ಲೋಕ ಹೂಂ ಅನ್ನಬೇಕು. ಸೆಕೆಂಡಿಗೆ ಎಪ್ಪತ್ತೆರಡು ಸಲ. ಒಂದು ತಪ್ಪಿದರೆ ತಲೆ ಒಂದು ಕಡೆ, ಹೊಟ್ಟೆ ಒಂದು ಕಡೆ. ಕಾರ್ಡಿಗೆ ಕೈಲಾಗದಿದ್ದಾಗ ಮೋಸ ಮಾಡುವ ಏರ್ಪಾಟೂ ಅದರಲ್ಲೇ ಇತ್ತು. ಹೊಸ ಚಿತ್ರ ತಯಾರಾಗದಿದ್ದರೆ ಹಳೆಯದನ್ನೇ ಒಂಚೂರು ಓರೆ ಮಾಡಿ ಕಣ್ಣಿಗೆ ತೋರಿಸಿ ದಾಟಿಸಿಬಿಡುತ್ತದೆ. ಮುಕ್ಕಾಲು ಪಾಲು ಜನಕ್ಕೆ ಗೊತ್ತೇ ಆಗುವುದಿಲ್ಲ ಎಂದು ಬರೆದಿದ್ದರು. ಅದನ್ನು ಅವಳು ಬಂದ್ ಮಾಡಿದ್ದಳು. ಬಂದ್ ಮಾಡಿದರೆ ಕೆಲಸ ಎರಡರಷ್ಟಾಗುತ್ತದೆಂದು ಗೊತ್ತಿದ್ದೂ ಮಾಡಿದ್ದಳು, ಏಕೆಂದರೆ ಸುಳ್ಳು ಹೂಂ ಎಂದರೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಜ್ಜಿಯ ಕೊನೆಯ ಬೇಸಿಗೆ. ಅಜ್ಜಿಯ ಮಗ್ಗುಲಿಗಿದ್ದ ಕಿವಿ ಬರಿದು, ಆ ಕಡೆಯ ಕಿವಿಯಲ್ಲಿ ಇಯರ್‌ಫೋನು. ಅಜ್ಜಿಯ ದನಿ ಎಲ್ಲಿ ಇಳಿಯುತ್ತದೋ ಅಲ್ಲಿ ಹೂಂ ಅನ್ನುವುದು ಅವಳ ನಾಲಿಗೆಗೆ ರೂಢಿಯಾಗಿತ್ತು. ಹೂಂ. ಹೂಂ. ಅಜ್ಜಿ ದನಿಯನ್ನು ಒಂದಿಷ್ಟೂ ಬದಲಿಸದೆ, “ಆಗ ಆ ರಾಜ್ಕುಮಾರಿ ಕಿರೀಟ ಬಿಚ್ಚಿಟ್ಟು ನಮ್ಮ ಬಸ್ ಸ್ಟ್ಯಾಂಡಲ್ಲಿ ಟಮಾಟ ಮಾರಕ್ಕೆ ಕುಂತ್ಲು,” ಎಂದಳು. ಹೂಂ. “ನಿಮ್ಮಪ್ಪ ಓಬಳರಾಜು ಹೋಗಿ ಎರಡು ಕೇಜಿ ಕಟ್ಸ್ಕಂಡು ಬಂದ.” ಹೂಂ. ದನಿ ಮತ್ತೆ ಏಳದಿದ್ದಾಗ ಅವಳು ತಿರುಗಿ ನೋಡಿದ್ದಳು. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಒಂದು ಮಾತೂ ಬೈಯಲಿಲ್ಲ. ಮಾರನೆಯ ದಿನ ಕತೆ ಹೇಳು ಎಂದರೆ, “ಎಲ್ಲಾ ಆಗೋದ್ವು ಬುಡಮ್ಮಣ್ಣಿ,” ಎಂದಳು. ಅಜ್ಜಿಯ ಬಳಿ ಕತೆ ಮುಗಿದುಹೋಗುವುದೆಂದರೆ ಬೆಟ್ಟದಲ್ಲಿ ಕಲ್ಲು ಮುಗಿದುಹೋದಂತೆ. ಇಬ್ಬರೂ ಅದನ್ನು ನಂಬಿದವರಂತೆ ಮಗ್ಗುಲು ಬದಲಿಸಿ ಮಲಗಿದರು.

ಗುರುವಾರ ಅವಳು ಮೇಷ್ಟ್ರ ಮನೆಗೆ ಹೋಗಿದ್ದಳು. ಬಾಗಿಲು ತೆರೆದದ್ದು ಅವರ ಹೆಂಡತಿ ಜಗದಾಂಬ. “ಅವರು ಮಲಗವ್ರೆ,” ಎಂದರು. ಒಳಗೆ ಪೇಪರು ಮಡಿಸುವ ಸದ್ದು ಕೇಳಿಸಿತು. ಬಾಗಿಲನ್ನು ಮುಖಕ್ಕೆ ಮುಚ್ಚಿದಂತಾದರೂ ಅವಳು ಹೊಸಿಲ ಹೊರಗೇ ನಿಂತು, ಒಳಗಿನ ಕೋಣೆಗೆ ಕೇಳುವಷ್ಟು ಗಟ್ಟಿಯಾಗಿ, “ಅಮ್ಮ, ಅವತ್ತಿನ ತಪ್ಪು ಸರ್ ಹೊಟ್ಟೇದಲ್ಲ, ನಂದು. ಕಮ್ಮಿ ಅಂದ್ರೂ ಸೆಕೆಂಡಿಗೆ ಎಪ್ಪತ್ತೆರಡು ಚಿತ್ರ ಬರಬೇಕಿತ್ತು, ನಲವತ್ತು ಬರ್ತಿತ್ತು. ನಂಗೆ ಗೊತ್ತಿತ್ತು. ಗೊತ್ತಿದ್ದೂ ಕಟ್ಟಿದೆ. ಇದನ್ನ ಹೇಳಿ ಹೋಗೋಣ ಅಂತ ಬಂದೆ,” ಎಂದಳು. ಜಗದಾಂಬ, ಕುಂಕುಮ ತಗೊಂಡು ಹೋಗು ಎಂದರು. ಅಷ್ಟರಲ್ಲಿ ಒಳಗಿನಿಂದ ದನಿ ಬಂತು.

“ಎಪ್ಪತ್ತೆರಡು ಬರಬೇಕು ಅಂದ್ರೆ ಒಂದು ಚಿತ್ರಕ್ಕೆ ಎಷ್ಟು ಹೊತ್ತು?”

“ಹದಿನಾಲ್ಕು ಮಿಲಿಸೆಕೆಂಡ್ ಸರ್.”

“ಹದಿನಾಲ್ಕು ಅನ್ಬೇಡ. ಹದಿಮೂರು ದಶಾಂಶ ಎಂಟು ಎಂಟು ಎಂಟು. ಮುಗಿಯಲ್ಲ ಅದು.” ಪೇಪರು ಇನ್ನೊಮ್ಮೆ ಮಡಿಸಿದ ಸದ್ದು. “ಅಷ್ಟರೊಳಗೆ ಬರೆಸ್ತೀಯಾ?”

“ಬರೆಸ್ತೀನಿ ಸರ್.”

“ಶನಿವಾರ ನಾಲ್ಕಕ್ಕೆ ಬರ್ತೀನಿ. ಅಂಗಡಿಗಲ್ಲ, ನಿಮ್ಮ ಮನೆಗೆ.”

ಈಗ ಶನಿವಾರ. ಹದಿಮೂರು ದಶಾಂಶ ಎಂಟು ಎಂಟು ಎಂಟರೊಳಗೆ ಚಿತ್ರ ಬರುತ್ತಿತ್ತು, ಆದರೂ ಕೋಲು ಹಾರುತ್ತಿತ್ತು. ಹನ್ನೊಂದಕ್ಕೆ ಅವಳು ಮೋಡಗಳನ್ನು ತೆಗೆದಳು. ಕೋಲು ಹಾರಿತು. ಹನ್ನೊಂದೂವರೆಗೆ ಸೇತುವೆಯ ಹಗ್ಗದ ಸಿಕ್ಕು ತೆಗೆದು ಸಪಾಟು ಮಾಡಿದಳು. ಕೋಲು ಹಾರಿತು. ಲೋಕ ತಲೆ ಬೋಳಿಸಿಕೊಂಡು ತಿರುಪತಿಯಿಂದ ಬಂದವರಂತೆ ಕಾಣತೊಡಗಿತ್ತು. ಹನ್ನೆರಡರ ಸುಮಾರಿಗೆ ಕರೆಂಟು ಹೋಯಿತು. ಫ್ಯಾನು ನಿಂತಿತು, ಅಡುಗೆಮನೆಯಲ್ಲಿ ಮಿಕ್ಸಿ ನಿಂತು ಅಮ್ಮ ಥೂ ಎಂದಳು, ಕಂಪ್ಯೂಟರಿನ ಕೆಳಗಿನ ಯುಪಿಎಸ್ಸು ಕೀಂ ಕೀಂ ಎನ್ನುತ್ತ ಯಂತ್ರವನ್ನು ಎತ್ತಿ ಹಿಡಿದುಕೊಂಡಿತು. ಹತ್ತು ನಿಮಿಷಕ್ಕಿಂತ ಹೆಚ್ಚು ಅದು ತಡೆಯುವುದಿಲ್ಲ. ಆರಿಸಿಬಿಡೋಣವೆಂದು ಹೆಡ್‌ಸೆಟ್ಟು ತೆಗೆಯಲು ಕೈ ಎತ್ತಿದವಳು ಹಾಗೇ ಸುಮ್ಮನೆ ಎಡಕ್ಕೊಮ್ಮೆ ತಿರುಗಿದಳು. ಕೋಲು ಕೈಯಲ್ಲೇ ಇತ್ತು. ಮತ್ತೆ ತಿರುಗಿದಳು. ಇತ್ತು. ಕುಕ್ಕರಗಾಲಲ್ಲಿ ಕೂತಳು, ಎದ್ದಳು, ಬೀಸಿದಳು, ಬುರುಡೆಹಕ್ಕಿಯೊಂದು ಠಪ್ಪೆಂದು ಒಡೆಯಿತು. ಕೋಲು ಸೊಂಟದ ಮಗುವಿನಂತೆ ಅಂಟಿಕೊಂಡೇ ಇತ್ತು. ಸೇತುವೆ ಒಂದು ಎಳೆ ಅಲುಗಲಿಲ್ಲ. ಕರೆಂಟು ಬಂತು, ಎಡಕ್ಕೆ ತಿರುಗಿದಳು, ಕೋಲು ಹಾರಿತು. ಹೆಡ್‌ಸೆಟ್ಟು ತೆಗೆದು, ಅದು ಹಾರಿದ ದಿಕ್ಕಿಗೇ ಮುಖ ಮಾಡಿ ನಿಂತಳು. ಎಡಗಡೆಯ ಗೋಡೆ. ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ಅಜ್ಜಿ, ಅಜ್ಜಿಯ ಸುತ್ತ ಕೆಂಪು ಹಸಿರು ಸೀರಿಯಲ್ ಸೆಟ್ಟು ಮಿಣುಕು ಮಿಣುಕು ಅನ್ನುತ್ತಿತ್ತು. ತಿಥಿಯ ದಿನ ಅಮ್ಮ ಹಾಕಿಸಿದ್ದು, ವರ್ಷ ತುಂಬುವವರೆಗೆ ಹಗಲೂ ಆರಿಸುವಂತಿಲ್ಲ.

ಎಷ್ಟು ಸಲ ಓದಿದ್ದಳು ಅದನ್ನು. ಕೈಯಲ್ಲಿ ಹಿಡಿಯುವ ಹಿಡಿಯ ಬಳೆಯೊಳಗೆ ನಮ್ಮ ಕಣ್ಣಿಗೆ ಕಾಣದ ಪುಟ್ಟ ದೀಪಗಳಿವೆ. ಹೆಡ್‌ಸೆಟ್ಟಿನ ಹಣೆಯಲ್ಲಿರುವ ಕ್ಯಾಮೆರಾಗಳು ಆ ದೀಪ ನೋಡಿ ಕೈ ಎಲ್ಲಿದೆಯೆಂದು, ಸುತ್ತಲ ಗೋಡೆ ನೋಡಿ ತಲೆ ಎಲ್ಲಿದೆಯೆಂದು ತಿಳಿಯುತ್ತವೆ. ಕೋಣೆಯಲ್ಲಿ ಕನ್ನಡಿ, ಮಿನುಗುವ ಅಲಂಕಾರದ ದೀಪ ಇರಬಾರದು. ಅಲಂಕಾರದ ದೀಪ ಎಂದರೆ ಅವಳ ತಲೆಯಲ್ಲಿ ಬಂದದ್ದು ದೊಡ್ಡ ಊರಿನವರ ಹುಟ್ಟುಹಬ್ಬ. ಅಜ್ಜಿಯ ಫೋಟೋ ಅವಳಿಗೆ ಅಲಂಕಾರವಾಗಿ ಕಂಡಿರಲಿಲ್ಲ. ಒಂದು ವಾರ ಕಾರ್ಡನ್ನು ಬೈದಿದ್ದಳು, ಲೋಕದ ನೆರಳು ಹುಲ್ಲು ಎಲ್ಲ ಬೋಳಿಸಿದ್ದಳು, ಅದೆಲ್ಲ ಬೇಕಾದದ್ದೇ, ಆದರೆ ಕೈ ಹಿಡಿದು ಎಳೆಯುತ್ತಿದ್ದವಳು ಇಲ್ಲಿ ಗೋಡೆಯ ಮೇಲಿದ್ದಳು. ಯಂತ್ರ ಅಜ್ಜಿಯ ದೀಪವನ್ನು ಮೊಮ್ಮಗಳ ಕೈಯೆಂದು ತಿಳಿದಿತ್ತು. ಅವಳಿಗೆ ನಗು ಬಂತು. ಈಗ ಆರಿಸಬೇಕು. ಸ್ವಿಚ್ಚು ಫೋಟೋದ ಕೆಳಗೇ ಇತ್ತು, ಒಂದು ಬೆರಳಿನ ಕೆಲಸ. ಅಜ್ಜಿ ಮಾತಾಡುವಾಗ ಒಂದು ಕಿವಿ ಮುಚ್ಚಿಕೊಂಡವಳು ಈಗ ಅವಳ ದೀಪವನ್ನೂ ಆರಿಸುವುದೇ, ಅದೂ ಆಟಕ್ಕೆ. ಬೆರಳು ಸ್ವಿಚ್ಚಿನ ಮೇಲಿಟ್ಟು ತೆಗೆದಳು. ಎರಡನೆಯ ಸಲ ಇಟ್ಟಾಗ ಹಿಂದಿನಿಂದ ಅಮ್ಮ ಧನಲಕ್ಷ್ಮಿ, ಕೈಯಲ್ಲಿ ಮಿಕ್ಸಿಯ ಜಾರು ಹಿಡಿದುಕೊಂಡು, “ಏನ್ ಮಾಡ್ತಿದ್ದೀಯಮ್ಮಿ ಅಲ್ಲಿ?” ಎಂದಳು.

ಕದಿಯುವಾಗ ಸಿಕ್ಕಿಬಿದ್ದವಳಂತೆ ಅವಳಿಗೆ ಕಿವಿ ಬಿಸಿಯಾಯಿತು. ಸುಳ್ಳು ಹೇಳಬಹುದಿತ್ತು, ಬಲ್ಬು ಹೋಗಿದೆಯಾ ನೋಡುತ್ತಿದ್ದೆ ಎನ್ನಬಹುದಿತ್ತು. “ಈ ಲೈಟು ಒಂದು ಗಂಟೆ ಆರಿಸಬೇಕಮ್ಮ,” ಎಂದಳು. “ಮೇಷ್ಟ್ರು ಬಂದಾಗ. ಇದು ಮಿಣುಕಿದ್ರೆ ಅವರಿಗೆ ಮತ್ತೆ ವಾಂತಿ ಆಗುತ್ತೆ.”

“ಗ್ವಾಡೆ ಮೇಲಿರೋ ಲೈಟಿಗೂ ಅವ್ರ ವಾಂತಿಗೂ ಏನ್ ಸಂಬಂಧ?”

ಹೇಳಿದಳು. ಹೇಳುತ್ತ ಹೋದಂತೆ ತನಗೇ ಅದು ಮಾಟಮಂತ್ರದ ಮಾತಿನಂತೆ ಕೇಳಿಸಿತು. ಅಮ್ಮ ಜಾರನ್ನು ಸೊಂಟಕ್ಕೆ ಒರಗಿಸಿಕೊಂಡು ಪೂರ್ತಿ ಕೇಳಿದಳು.

“ಅಂದ್ರೆ ನಿಮ್ಮಜ್ಜಿ ನಿನ್ ಕೈ ಎಳೀತಾವ್ಳೆ.”

“ಅಜ್ಜಿಯಲ್ಲಮ್ಮ, ಸೀರಿಯಲ್ ಸೆಟ್ಟು.”

“ಎರಡೂ ಒಂದೇ ಬುಡು.” ಧನಲಕ್ಷ್ಮಿ ಫೋಟೋವನ್ನು ಒಂದು ಗಳಿಗೆ ನೋಡಿದಳು. ಅತ್ತೆ ಸೊಸೆಯರಿಗೆ ಇಪ್ಪತ್ತಾರು ವರ್ಷ ಒಂದೇ ಒಲೆ, ಎರಡು ಬಾಯಿ. “ಆ ಯಮ್ಮ ಯಾವತ್ತು ದೀಪ ಹಚ್ಕಂಡು ಕತೆ ಹೇಳವ್ಳೆ? ದೀಪ ಆರ್ಸಿದ ಮ್ಯಾಲೇ ಬಾಯಿ ಬಿಡ್ತಿದ್ದಿದ್ದು. ಸೀಮೆಎಣ್ಣೆ ಉಳೀಲಿ ಅಂತ ಶುರು ಮಾಡಿದ್ದು, ಆಮೇಲೆ ಅದೇ ಶಾಸ್ತ್ರ ಆಯ್ತು. ನಾನೇ ಹುಚ್ಚಿ, ಹಗಲೊತ್ತಲ್ಲೂ ಉರ್ಸ್ತಾ ಇದ್ದೀನಿ.” ಬಗ್ಗಿ ತಾನೇ ಸ್ವಿಚ್ಚು ಒತ್ತಿದಳು. ಗಾಜಿನೊಳಗೆ ಅಜ್ಜಿಯ ಮುಖ ತಣ್ಣಗಾಯಿತು. ಬಣ್ಣಬಣ್ಣದ ಮಿಣುಕಿನಲ್ಲಿ ಇಷ್ಟು ತಿಂಗಳು ಕಾಣದೇ ಹೋಗಿದ್ದ ಮೂಗಿನ ಮೇಲಿನ ಮಚ್ಚೆ ಕಂಡಿತು. “ಸಂಜೆ ಹಚ್ಚು, ಮರೀಬೇಡ,” ಎಂದು ಅಮ್ಮ ಅಡುಗೆಮನೆಗೆ ಹೋದಳು. ಸ್ಪಂದನಾ ಫೋಟೋವನ್ನು ಗೋಡೆಯ ಮೇಲೆಯೇ ಒಂಚೂರು ವಾಲಿಸಿ, ಗಾಜಿಗೆ ಕಿಟಕಿಯ ಬೆಳಕು ಬಡಿಯದಂತೆ ಮಾಡಿದಳು. ಆಮೇಲೆ ಮೂರು ಗಂಟೆಯವರೆಗೆ ನಿಂತು ಆಡಿದಳು. ಕೋಲು ಒಮ್ಮೆಯೂ ಕೈ ಬಿಡಲಿಲ್ಲ. ಬೆಳಿಗ್ಗೆ ಸುಮ್ಮನೆ ಶಿಕ್ಷೆ ಕೊಟ್ಟ ಮೋಡಗಳನ್ನೂ ಸೇತುವೆಯ ಹಗ್ಗದ ಹುರಿಯನ್ನೂ ವಾಪಸ್ಸು ಕರೆದಳು. ಅಂಕಿ ಎಪ್ಪತ್ತೆರಡರಲ್ಲೇ ಇತ್ತು. ಅದನ್ನು ಅವಳು ಈಗ ನೋಡುವುದನ್ನೇ ಬಿಟ್ಟಿದ್ದಳು.

ಮೇಷ್ಟ್ರು ಹತ್ತು ನಿಮಿಷ ಮೊದಲೇ ಬಂದರು, ಕಂಕುಳಲ್ಲಿ ಕೊಡೆ. ಬೆನ್ನಿಗೆ ಖಾಲಿ ಬ್ಯಾಗು ಹಾಕಿಕೊಂಡು ನವೀನನೂ ಬಂದ. “ಬ್ಯಾಗು ಯಾಕೋ?” ಎಂದು ಸ್ಪಂದನಾ ಕೇಳಿದರೆ, “ಹಂಗೇ ಪ್ಯಾಕ್ ಮಾಡ್ಕಂಡು ಹೋಗಾಣಾಂತ,” ಎಂದು ಹಲ್ಲು ಕಿರಿದ. ಮೇಷ್ಟ್ರ ಮುಖ ಬಿಳುಚಿತ್ತು. ಕಾಫಿ ಕೊಡಲು ಬಂದ ಅಮ್ಮನಿಗೆ ಬೇಡವೆಂದು ಕೈಯಾಡಿಸಿದರು. ಅಜ್ಜಿಯ ಫೋಟೋ ನೋಡಿ ಕೈ ಮುಗಿದರು, ನಡುಮನೆಯ ನಡುವೆ ಚಪ್ಪಲಿ ಬಿಟ್ಟ ಕಾಲುಗಳನ್ನು ಜೋಡಿಸಿ ನಿಂತರು, ಪ್ರಾರ್ಥನೆಗೆ ನಿಲ್ಲುವ ಹುಡುಗರ ಹಾಗೆ. “ಕಟ್ಟಮ್ಮ.” ಅವಳು ಕಟ್ಟಿದಳು. ಬೆರಳಿಗೆ ತಾಗಿದ ಅವರ ಕಿವಿಯ ಹಿಂಭಾಗ ತಣ್ಣಗೆ ಬೆವೆತಿತ್ತು. ನವೀನ ಫೋನಿನಲ್ಲಿ ಟೈಮು ಹಚ್ಚಿದ.

ಒಂದು ನಿಮಿಷ ಅವರು ಕದಲಲಿಲ್ಲ. ಎರಡನೆಯ ನಿಮಿಷಕ್ಕೆ ಕತ್ತು ಮಾತ್ರ ತಿರುಗಿತು, ಆ ಕಡೆ, ಈ ಕಡೆ, ಪರೀಕ್ಷೆ ಕೊಠಡಿಯಲ್ಲಿ ಮೇಲ್ವಿಚಾರಣೆಗೆ ನಿಂತವರಂತೆ. ಮೂರನೆಯ ನಿಮಿಷ. ಮೂರು ದಾಟಿತು. ಮೇಷ್ಟ್ರು ಬಲಗಾಲನ್ನು ಎತ್ತಿ ಸೇತುವೆಯ ಮೇಲಿಟ್ಟರು. ಬುರುಡೆಹಕ್ಕಿ ಬಂದದ್ದು ಕಂಪ್ಯೂಟರಿನ ಪರದೆಯಲ್ಲಿ ಕಾಣಿಸಿತು, ಕೋಲು ಎತ್ತಿದರು, ತಪ್ಪಿತು. “ಹಂಗಲ್ಲ,” ಎಂದು ತಮಗೆ ತಾವೇ ಹೇಳಿಕೊಂಡು ಮಣಿಕಟ್ಟನ್ನು ಸಡಿಲ ಮಾಡಿ ಚುಟುಕಾಗಿ ಒಂದು ಕೊಟ್ಟರು. ಠಪ್ಪ್. ಆ ಮಣಿಕಟ್ಟಿನ ಏಟು ಅವಳ ಅಂಗೈಗೆ ಗೊತ್ತಿತ್ತು, ಎಂಟನೆಯ ಕ್ಲಾಸಿನಲ್ಲಿ ಮಗ್ಗಿ ತಪ್ಪಿದ್ದಕ್ಕೆ. ಆಮೇಲೆ ಹಕ್ಕಿಗಳು ಎಲ್ಲಿಂದ ಬಂದರೂ ಮೇಷ್ಟ್ರು ಬಿಡಲಿಲ್ಲ. ಒಂದಕ್ಕೆ, “ಹಿಂದ್ಗಡೆಯಿಂದ ಬರ್ತೀಯಾ?” ಎಂದು ಗದರಿದರು. ಹತ್ತು ನಿಮಿಷಕ್ಕೆ ನವೀನನ ಫೋನು ಕೂಗಿತು. ಅವನು ಅದನ್ನು ಆರಿಸಿ ಜೇಬಿಗಿಟ್ಟು, ಕೆಳಗೆ ನೋಡುತ್ತ, “ಆಯ್ತು ಬುಡಮ್ಮ, ಪಾಸು. ಮೂಲೆ ನಿಂದೇ,” ಎಂದ.

ಮೇಷ್ಟ್ರು ಹೆಡ್‌ಸೆಟ್ಟು ಬಿಚ್ಚಿಸಿಕೊಂಡು, ಮಂಚದ ಅಂಚಿಗೆ ಕೂತು, ಕನ್ನಡಕ ಹಾಕಿಕೊಂಡರು. ಹಣೆಯ ಮೇಲೆ ಕೆಂಪಗೆ ಗುರುತು ಬಿದ್ದಿತ್ತು. “ಪಾಸು ಅನ್ನೋಕೆ ನೀನ್ಯಾರಪ್ಪ?” ಎಂದರು ನವೀನನಿಗೆ. ಅವನ ನಗು ಅರ್ಧಕ್ಕೆ ನಿಂತಿತು. “ನಾನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಕಣಮ್ಮ. ನೀರು ಕೂಡ ಅಷ್ಟಕ್ಕಷ್ಟೇ. ಹೆದರಿಕೆಗೆ. ಮನೇಲಿ ವ್ರತ ಅಂತ ಸುಳ್ಳು ಹೇಳಿ ಬಂದೆ.” ಕನ್ನಡಕವನ್ನು ಮೂಗಿನ ಮೇಲೆ ಸರಿ ಮಾಡಿದರು. “ಖಾಲಿ ಹೊಟ್ಟೆಯವನಿಗೆ ವಾಂತಿ ಆಗಲಿಲ್ಲ ಅಂದ್ರೆ ಏನು ಸಾಬೀತಾಯ್ತು? ಸೊನ್ನೆಯಿಂದ ಗುಣಿಸಿದ ಲೆಕ್ಕ ಇದು. ತಾಳೆ ನೋಡಬೇಕು ಅಂದ್ರೆ ಊಟ ಮಾಡಿ ನೋಡಬೇಕು. ಮನೇಲಿ ಏನಿದೆ?”

ಅಡುಗೆಮನೆಯ ಬಾಗಿಲಲ್ಲಿದ್ದ ಧನಲಕ್ಷ್ಮಿ ಮಗಳನ್ನು ಕಣ್ಣಲ್ಲೇ ಒಳಕ್ಕೆ ಕರೆದಳು. “ನಮ್ಮನೇಲಿ ಅವ್ರು ಉಣ್ತಾರೇನಮ್ಮಿ?” ಎಂದಳು ಪಿಸುದನಿಯಲ್ಲಿ. “ಲಿಂಗ ಕಟ್ಟೋ ಜನ. ನವೀನಂಗೆ ಹೇಳಿ ಬೇಕರಿಯಿಂದ ಬನ್ನೋ ಬ್ರೆಡ್ಡೋ ತರ್ಸು.” ಮೇಷ್ಟ್ರನ್ನೇ ಕೇಳಬೇಕೋ ಕೇಳಬಾರದೋ ಎಂದು ಸ್ಪಂದನಾ ತೂಗುತ್ತಿರುವಾಗಲೇ ನಡುಮನೆಯಿಂದ ಮೇಷ್ಟ್ರು, “ಬಸ್ಸಾರಿನ ವಾಸನೆ ಬರ್ತಾ ಇದೆಯಲ್ಲಮ್ಮ, ಮುದ್ದೆ ಇದ್ರೆ ಅದೇ ಆಯ್ತು. ಬೇಕರೀದು ಬೇಡ, ಅದು ಹೊಟ್ಟೆ ತುಂಬಲ್ಲ,” ಎಂದರು. ಗಟ್ಟಿಯಾಗಿಯೇ ಹೇಳಿದರು, ಒಳಗಿನ ಕೋಣೆಗೆ ಕೇಳಲಿ ಎಂದೇ ಹೇಳುವವರ ಹಾಗೆ.

ಗೋಡೆಗೆ ಬೆನ್ನು ಕೊಟ್ಟು ಕೂತು ಎರಡು ಮುದ್ದೆ ಉಂಡರು. ಮೊದಲನೆಯದನ್ನು ನಿಧಾನಕ್ಕೆ, ಎರಡನೆಯದನ್ನು ಬೇಗಬೇಗ. ನವೀನನಿಗೂ ತಟ್ಟೆ ಬಂತು, ಅವನು ಬ್ಯಾಗು ಪಕ್ಕಕ್ಕಿಟ್ಟು ತಲೆ ತಗ್ಗಿಸಿ ಉಂಡ. ಅಮ್ಮ ಒಮ್ಮೆ ಸಾರು ಹಾಕಿದವಳು ಮೇಷ್ಟ್ರು ಬೇಡವೆನ್ನುವುದನ್ನು ಕಾಯದೆ ಇನ್ನೊಮ್ಮೆ ಹಾಕಿದಳು. ಕೈ ತೊಳೆದು ಬಂದು ಮೇಷ್ಟ್ರು ಮತ್ತೆ ನಡುಮನೆಯ ನಡುವೆ ನಿಂತರು. ಈ ಸಲ ಕಾಲು ಜೋಡಿಸಲಿಲ್ಲ. “ಸ್ವಲ್ಪ ಹೊತ್ತು ಕೂತ್ಕೊಳ್ಳಿ ಸರ್, ಈಗಷ್ಟೇ ಉಂಡಿದ್ದೀರಿ,” ಎಂದಳು ಅವಳು. “ಈಗ್ಲೇ ನೋಡಬೇಕಾದ್ದು,” ಎಂದರು.

ನಾಲ್ಕು, ಐದು, ಆರು ನಿಮಿಷ. ಸೇತುವೆಯ ನಟ್ಟನಡುವೆ, ಕೆಳಗೆ ಎಷ್ಟೋ ಆಳದಲ್ಲಿ ಹೊಳಪಿಲ್ಲದ ನೀರು ಹರಿಯುವ ಕಡೆ ಮೇಷ್ಟ್ರು ನಿಂತುಬಿಟ್ಟರು. ಕೋಲಿನ ಕೈ ಇಳಿಯಿತು. ಎದೆ ಒಮ್ಮೆ ಮೇಲಕ್ಕೆದ್ದಿತು, ಗಂಟಲು ಉಬ್ಬಿತು. ನವೀನ ಬಚ್ಚಲಿನ ಕಡೆಗೆ ಓಡಿ ಬಕೆಟ್ಟು ಹಿಡಿದುಕೊಂಡು ಬಂದ. ಸ್ಪಂದನಾ ಕದಲಲಿಲ್ಲ. ಕೈಯನ್ನೂ ಚಾಚಲಿಲ್ಲ. ಲೆಕ್ಕ ತಪ್ಪಿಲ್ಲವೆಂದು ಅವಳಿಗೆ ಗೊತ್ತಿತ್ತು, ಕಾಲಿನ ಬೆರಳುಗಳಿಗೆ ಮಾತ್ರ ಇನ್ನೂ ಗೊತ್ತಿರಲಿಲ್ಲ, ಅವು ಗಾರೆಯನ್ನು ಕಚ್ಚಿ ಹಿಡಿದಿದ್ದವು. ಮೇಷ್ಟ್ರ ಬಾಯಿ ತೆರೆಯಿತು, ಬಂದದ್ದು ಒಂದು ಉದ್ದನೆಯ, ನಿರಾಳವಾದ ತೇಗು.

“ಬಸ್ಸಾರು ಬಾಳ ಚೆನ್ನಾಗಿತ್ತು ಕಣಮ್ಮ,” ಎಂದರು ಅವರು. ಅಮ್ಮ ಅಲ್ಲಿದ್ದಾಳೆಂದುಕೊಂಡು ಖಾಲಿ ಮೂಲೆಗೆ, ತಮಗೆ ಕಾಣುತ್ತಿದ್ದ ಕಣಿವೆಗೆ ಮುಖ ಮಾಡಿ ಹೇಳಿದರು.

ಧನಲಕ್ಷ್ಮಿ ಅವರ ಬೆನ್ನ ಹಿಂದಿನಿಂದ, “ಇನ್ನೊಂದು ಚೂರು ಸಾರು ಐತೆ ಮೇಷ್ಟ್ರೇ, ಆಟ ಮುಗಿಸ್ಕಂಡು ಬನ್ನಿ,” ಎಂದಳು.